ಗೂಬೆ ಸಂಸಾರದ ಮೂರು ಭಾಗಗಳು

ಯಾರನ್ನಾದರೂ ಗೂಬೆ ಎಂದು ಕರೆದರೆ ಜಗಳಕ್ಕೆ ಬರುತ್ತಾರೆ. ನನಗೆ ಅದೇ ಉದ್ಯೋಗ. ಒಂದು ಗೂಬೆ ಸಂಸಾರದ ಮೇಲೆ ಹನ್ನೊಂದು ವರ್ಷದಲ್ಲಿ ಮೂರು ಕಾರ್ಟೂನ್ ಸಿನಿಮಾ ಬಂದವು. ಮೂರೂ ಎಲ್ಲೋ ದೂರದ ದೇಶದಲ್ಲಿ, ದೂರದ ಭಾಷೆಯಲ್ಲಿ ತಯಾರಾದವು. ಅವನ್ನು ನಮ್ಮ ಭಾಷೆಗೆ ಇಳಿಸುವಾಗ ಅಪ್ಪ ಗೂಬೆಗೆ ದನಿ ಕೊಟ್ಟವನು ನಾನು. ತಂಗಿಯ ಮೊಮ್ಮಕ್ಕಳು ನನ್ನನ್ನು ಗೂಬೆ ತಾತ ಎನ್ನುತ್ತಾರೆ. ತಂಗಿ ಮೊದಮೊದಲು ಅವರನ್ನು ಗದರುತ್ತಿದ್ದಳು. ಈಗ ಭಾನುವಾರ ನಾನು ತಡ ಮಾಡಿದರೆ ಅವಳೇ ಫೋನು ಮಾಡಿ, ಗೂಬೆ ಇನ್ನೂ ಮರದಿಂದ ಇಳಿದಿಲ್ಲವೋ ಎಂದು ಕೇಳುತ್ತಾಳೆ.

ಬರೀ ಗೂಬೆಯನ್ನು ನಂಬಿ ಹೊಟ್ಟೆ ತುಂಬುವುದಿಲ್ಲ. ಬಸ್ ನಿಲ್ದಾಣದಲ್ಲಿ 'ದಯವಿಟ್ಟು ಸಾಲಿನಲ್ಲಿ ನಿಲ್ಲಿ, ಮುಂದಿರುವವರನ್ನು ತಳ್ಳಬೇಡಿ' ಎಂದು ಕೇಳಿಸುವುದು ಕೂಡ ನನ್ನ ದನಿಯೇ. ಒಂದು ದಿನ ಅದೇ ಸಾಲಿನಲ್ಲಿ ನಿಂತಿದ್ದ ನನ್ನನ್ನು ಹಿಂದಿನವನೊಬ್ಬ ತಳ್ಳಿದ. ಸಾಲಲ್ಲಿ ನಿಲ್ಲಿ ಸ್ವಾಮಿ ಎಂದೆ. ನೀನ್ಯಾರಯ್ಯ ಹೇಳೋಕೆ ಎಂದ. ಮೇಲೆ ಧ್ವನಿವರ್ಧಕದಲ್ಲಿ ನಾನೇ ಅದನ್ನು ಹೇಳುತ್ತಿದ್ದೆ, ಅದಕ್ಕೂ ಅವನು ಕಿವಿಗೊಡಲಿಲ್ಲ. ನಲವತ್ತು ವರ್ಷ ಬಾಯಿಂದಲೇ ಬದುಕಿದವನ ಮಾತನ್ನು ನಿಂತು ಕೇಳಿಸಿಕೊಳ್ಳುವವರು ಎಷ್ಟು ಜನ ಎಂದು ಯಾರಾದರೂ ಕೇಳಿದರೆ ಎಣಿಸಲು ಒಂದು ಕೈಯ ಬೆರಳುಗಳೂ ಬೇಕಾಗಿಲ್ಲ. ಮದುವೆಯಾಗಲಿಲ್ಲ. ಯಾಕೆ ಎಂದರೆ ದೊಡ್ಡ ಕಥೆಯೇನಿಲ್ಲ, ಆಗಲಿಲ್ಲ ಅಷ್ಟೇ. ಹೊಲಿಗೆ ಅಂಗಡಿಯ ಮೇಲಿನ ಒಂದು ಕೋಣೆ ನನ್ನ ಮನೆ. ಹಗಲೆಲ್ಲ ಕೆಳಗಿನ ಮಿಷನ್ನುಗಳ ಸದ್ದು ಇರುತ್ತದೆ. ಸಂಜೆ ಅವು ನಿಂತ ಮೇಲೆ ರೇಡಿಯೋ ಹಾಕುತ್ತೇನೆ.

ಡಬ್ಬಿಂಗ್ ಎಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ಪರದೆಯ ಮೇಲೆ ಐದು ಗೂಬೆಗಳು ಒಂದೇ ಕೊಂಬೆಯ ಮೇಲೆ ಒತ್ತೊತ್ತಾಗಿ ಕೂತು ಕಚ್ಚಾಡುತ್ತವಲ್ಲ, ಹಾಗೆ ನಾವು ಐದು ಜನವೂ ಒಂದೇ ಮೈಕಿನ ಮುಂದೆ ಸೇರುತ್ತೇವೆ ಎಂದು. ಹಾಗೇನೂ ಇಲ್ಲ. ಗೋಡೆಗೆಲ್ಲ ಸ್ಪಂಜು ಬಡಿದ ಒಂದು ಸಣ್ಣ ಕೋಣೆ, ಒಂದು ಮೈಕು, ಒಂದು ಪರದೆ, ಕಿವಿಗೆ ಹೆಡ್‌ಫೋನು, ಮುಂದೆ ಗಾಜಿನಾಚೆ ಸೌಂಡಿನವನು. ಒಬ್ಬೊಬ್ಬರೇ ಬಂದು ತಮ್ಮ ಪಾಲಿನ ಮಾತು ಆಡಿ ಹೋಗಬೇಕು. ನನ್ನ ಮಕ್ಕಳಾದ ಮೂರು ಮರಿಗೂಬೆಗಳ ಮುಖ ನಾನು ನೋಡಿಲ್ಲ. ನನ್ನ ಹೆಂಡತಿಯಾದ ಅಮ್ಮ ಗೂಬೆಯ ಮುಖವನ್ನೂ ನೋಡಿರಲಿಲ್ಲ. ಅವರು ಬೆಳಿಗ್ಗೆ ಬರುತ್ತಿದ್ದರು, ನಾನು ಮಧ್ಯಾಹ್ನ. ಎರಡು ಸಿನಿಮಾ ಸಂಸಾರ ಮಾಡಿದರೂ ಮೆಟ್ಟಿಲಲ್ಲಿ ಕೂಡ ಎದುರಾಗಲಿಲ್ಲ.

ಆದರೆ ಅವರ ದನಿ ನನ್ನ ಕಿವಿಯಲ್ಲಿತ್ತು. ಸಿನಿಮಾವನ್ನು ಇಪ್ಪತ್ತು ನಿಮಿಷಗಳ ತುಂಡುಗಳಾಗಿ ಮಾಡಿಕೊಂಡು ಒಂದು ದಿನಕ್ಕೆ ಒಂದು ತುಂಡು ಮುಗಿಸುವುದು ನಮ್ಮ ಪದ್ಧತಿ. ಅದಕ್ಕೆ ರೀಲು ಎನ್ನುತ್ತೇವೆ. ಬೆಳಿಗ್ಗೆ ಅವರು ಆಡಿದ ಮಾತು ಮಧ್ಯಾಹ್ನ ನನಗೆ ಕೇಳಿಸುತ್ತಿತ್ತು, ಅದಕ್ಕೆ ಹೊಂದಿಸಿ ನಾನು ನನ್ನದನ್ನು ಆಡಬೇಕು. ಸೌಂಡಿನವನಿಗೆ ಒಂದು ಚಟ. ರೆಕಾರ್ಡಿಂಗ್ ಶುರುವಾದರೆ ರೀಲು ಮುಗಿಯುವ ತನಕ ನಿಲ್ಲಿಸುವುದಿಲ್ಲ, ಯಾರಾದರೂ ತಪ್ಪಿದರೆ ಚಿತ್ರವನ್ನು ಹಿಂದಕ್ಕೆ ಹಾಕುತ್ತಾನೆ, ಮೈಕನ್ನು ಮಾತ್ರ ಆರಿಸುವುದಿಲ್ಲ. ನಿಲ್ಲಿಸಿ ಶುರುಮಾಡಿದರೆ ಮಾತು ತುಟಿಯಿಂದ ಜಾರುತ್ತದಂತೆ. ಹಳೆಯ ಮಿಷನ್ನಿನ ಕಾಲದಲ್ಲಿ ಅದು ನಿಜವಿತ್ತು. ಮಿಷನ್ನು ಬದಲಾಯಿತು, ಇವನು ಬದಲಾಗಲಿಲ್ಲ. ಹೀಗಾಗಿ ಎರಡು ಸಂಭಾಷಣೆಗಳ ನಡುವಿನ ಕೆಮ್ಮು, ನೀರು ಕುಡಿಯುವುದು, ಹಾಳೆ ತಿರುವುವುದು ಎಲ್ಲವೂ ದಾಖಲಾಗುತ್ತಿತ್ತು. ಅವರು ಆಡುತ್ತಿದ್ದ ಮಾತೂ ದಾಖಲಾಗುತ್ತಿತ್ತು.

ಮೊದಲ ಭಾಗದ ಮೊದಲ ದಿನವೇ ಕೇಳಿದೆ. ಬಿರುಗಾಳಿಗೆ ಮರ ಬಿದ್ದು ಗೂಬೆಗಳ ಮನೆ ಹೋಗುತ್ತದೆ, ಅಜ್ಜಿ ಗೂಬೆ ಐದನೆಯ ನಿಮಿಷಕ್ಕೇ ಸಾಯುತ್ತದೆ. ಅಮ್ಮ ಗೂಬೆ ಅತ್ತು ಮುಗಿಸಿದ ಮೇಲೆ ಒಂದು ಖಾಲಿ ಜಾಗವಿತ್ತು. ಆ ಜಾಗದಲ್ಲಿ ಅವರು ಮೂಗು ಒರೆಸಿಕೊಂಡು, ಮಕ್ಕಳ ಸಿನಿಮಾ ಅಂತಾರೆ, ಶುರುವಿನಲ್ಲೇ ಒಬ್ಬರನ್ನ ಸಾಯಿಸಿಬಿಡ್ತಾರೆ, ದೊಡ್ಡವರು ಅಳದಿದ್ರೆ ಇವರಿಗೆ ಸಮಾಧಾನ ಇಲ್ಲ ಎಂದು ಗೊಣಗಿದರು. ನನಗೆ ನಗು ಬಂತು. ಹಿಂದೆಮುಂದೆ ಯೋಚಿಸದೆ ಮೈಕಿಗೆ, ಯಾರೂ ಸಾಯದಿದ್ರೆ ಜನ ಯಾಕೆ ಕೂತು ನೋಡ್ತಾರೆ ತಾಯಿ ಎಂದೆ. ಗಾಜಿನಾಚೆ ಸೌಂಡಿನವನು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ಶುರುವಾದದ್ದು ಹಾಗೆ.

ಮರುದಿನ ರೆಕಾರ್ಡಿಂಗಿಗೆ ಮುಂಚೆ ಅವನು ಹಿಂದಿನ ದಿನದ ಕೊನೆಯ ಎರಡು ನಿಮಿಷ ನನಗೆ ಕೇಳಿಸಿದ. ನಿನ್ನೆಯ ದನಿಗೂ ಇವತ್ತಿನ ದನಿಗೂ ಹೊಂದಿಕೆಯಾಗಲಿ ಎಂದು ಯಾವಾಗಲೂ ಹಾಗೆ ಕೇಳಿಸುತ್ತಾನೆ. ಅದರಲ್ಲಿ ಅವರ ದನಿಯೂ ಇತ್ತು, ನನ್ನದೂ ಇತ್ತು. ನನಗೆ ಕೇಳಿಸುವುದನ್ನೇ ಬೆಳಿಗ್ಗೆ ಅವರಿಗೂ ಕೇಳಿಸಿರುತ್ತಾನೆ ಎಂದುಕೊಂಡೆ. ಇದರಲ್ಲಿ ಅವನನ್ನು ಕೇಳಿ ತಿಳಿದುಕೊಳ್ಳಬೇಕಾದದ್ದು ಏನಿದೆ ಎಂದು ಅನ್ನಿಸಿತು. ಅವತ್ತಿನಿಂದ ರೀಲಿನ ಕೊನೆಯ ಎರಡು ನಿಮಿಷಕ್ಕೆ ನನ್ನ ಒಳ್ಳೊಳ್ಳೆಯ ಮಾತುಗಳನ್ನು ಉಳಿಸಿಕೊಳ್ಳತೊಡಗಿದೆ. ಮನೆಯಿಂದ ಬರುವಾಗ ದಾರಿಯುದ್ದಕ್ಕೂ ಅವನ್ನು ಬಾಯಿಪಾಠ ಮಾಡುತ್ತಿದ್ದೆ.

ಮೂರು ವರ್ಷದ ಮೇಲೆ ಎರಡನೆಯ ಭಾಗ ಬಂತು. ಇಂಥ ಎರಡನೆಯ ಭಾಗಗಳ ಬಗ್ಗೆ ನನ್ನ ಅಭಿಪ್ರಾಯ ಎಲ್ಲರಿಗೂ ಗೊತ್ತು. ಕಥೆ ಮುಗಿದ ಮೇಲೆ ಬಾಯಿ ಮುಚ್ಚಿಕೊಂಡು ಎದ್ದು ಹೋಗಬೇಕು. ಮೊದಲನೆಯ ಭಾಗದ ಕೊನೆಗೆ ಗೂಬೆಗಳಿಗೆ ಊರಿನ ನಿಂತುಹೋದ ಗಡಿಯಾರದ ಗೋಪುರದಲ್ಲಿ ಮನೆ ಸಿಕ್ಕಿತು, ಸುಖವಾಗಿದ್ದವು, ಅಲ್ಲಿಗೆ ಮುಗಿಯಿತು. ಅದು ಚೆನ್ನಾಗಿ ಓಡಿತು ಎಂದು ಇನ್ನೊಂದು, ಅದೂ ಓಡಿದರೆ ಮತ್ತೊಂದು. ಹಾಡಿದ್ದೇ ಹಾಡೋ ಕಿಸಬಾಯಿದಾಸ. ಎರಡನೆಯದರಲ್ಲಿ ನಡೆಯುವುದು ಇಷ್ಟೇ: ನಿಂತಿದ್ದ ಗಡಿಯಾರವನ್ನು ಯಾರೋ ರಿಪೇರಿ ಮಾಡುತ್ತಾರೆ, ಗಂಟೆಗೊಮ್ಮೆ ಢಣ್ ಎನ್ನುತ್ತದೆ, ಹಗಲು ಮಲಗುವ ಗೂಬೆಗಳಿಗೆ ನಿದ್ದೆಯಿಲ್ಲ. ಎರಡು ಗಂಟೆ ಗೂಬೆಗಳು ಆಕಳಿಸುವುದನ್ನು ನೋಡಲು ಜನ ಬರಬೇಕು.

ಅಮ್ಮ ಗೂಬೆಯವರಿಗೆ ಅದೇ ಇಷ್ಟವಾಗಿತ್ತು. ಮೊದಲ ರೀಲಿನಲ್ಲೇ ಖುಷಿಯಾಗಿದ್ದರು. ಮೊದಲನೆಯದರಲ್ಲಿ ಅಮ್ಮ ಗೂಬೆಗೆ ಓಡಿ, ಅಡಗಿ, ಹುಷಾರು ಎನ್ನುವುದು ಬಿಟ್ಟು ಬೇರೆ ಮಾತೇ ಇರಲಿಲ್ಲ, ಈಗ ಅವಳಿಗೂ ಒಂದು ತಮಾಷೆ ಮಾಡುವುದಕ್ಕೆ ಬಿಟ್ಟಿದ್ದಾರೆ ಎಂದರು. ಆಮೇಲೆ ಹಾಳೆ ತಿರುವಿ, "ಮನೆ ಸಿಕ್ಕಿದ ಮೇಲೆ ತಾನೆ ಸಂಸಾರ ಶುರುವಾಗೋದು. ಯಾರೂ ಸಾಯದಿದ್ರೂ ಜನ ಕೂತು ನೋಡ್ತಾರೆ, ನೋಡ್ತಾ ಇರಿ," ಎಂದರು.

ಮೂರು ವರ್ಷದ ಹಿಂದೆ ನಾನು ಆಡಿದ ಮಾತಿಗೆ ಉತ್ತರ! ನೋಡ್ತಾ ಇರಿ ಎಂದಿದ್ದರು, ಮರ್ಯಾದೆ ಕೊಟ್ಟು. ನಾನು ನನ್ನ ಮುಂದಿನ ಸಂಭಾಷಣೆ ತಪ್ಪಿಸಿದೆ. ಸೌಂಡಿನವನು ಕೈಸನ್ನೆ ಮಾಡಿದ. ಮತ್ತೆ ಹಿಂದಕ್ಕೆ ಹಾಕಿಸಿ, ಸಂಭಾಷಣೆ ಹೇಳಿ ಮುಗಿಸಿ, ಸಂಸಾರ ನೋಡೋಕೆ ಜನ ಟಿಕೆಟ್ ತಗೊಂಡು ಯಾಕೆ ಬರ್ತಾರೆ, ಮನೇಲಿ ಇರಲ್ವಾ ಎಂದೆ. ಹೇಳಿದ ಮೇಲೆ, ನನ್ನ ಮನೆಯಲ್ಲಿ ಇಲ್ಲವಲ್ಲ ಎಂದು ಹೊಳೆಯಿತು. ಅದನ್ನೂ ಹೇಳಿದೆ.

ಆ ಆರು ದಿನಗಳಷ್ಟು ಚೆನ್ನಾದ ದಿನಗಳು ನನಗೆ ನೆನಪಿಲ್ಲ. ಬೆಳಿಗ್ಗೆ ಎದ್ದರೆ ಮಧ್ಯಾಹ್ನ ಒಬ್ಬರು ಮಾತಾಡುತ್ತಾರೆ ಎಂಬುದು ಗೊತ್ತಿರುತ್ತಿತ್ತು. ಗಡಿಯಾರದ ಗಂಟೆಯ ಜೊತೆ ಅಮ್ಮ ಗೂಬೆ ರಾಜಿ ಮಾಡಿಕೊಳ್ಳುವುದು ಸರಿಯೋ ತಪ್ಪೋ, ಮರಿಗಳಿಗೆ ಹಾಡು ಬೇಕಿತ್ತೋ ಇಲ್ಲವೋ, ಎಲ್ಲದಕ್ಕೂ ನಮ್ಮಿಬ್ಬರದು ಎರಡು ದಾರಿ. ಅವರು ಎತ್ತಾಗಿ ಏರಿಗೆಳೆದರೆ ನಾನು ಕೋಣನಾಗಿ ನೀರಿಗೆಳೆಯುತ್ತಿದ್ದೆ. ಐದನೆಯ ದಿನ ಮಾತ್ರ ಬೇರೆ. ದೊಡ್ಡ ಮರಿ ಅಮ್ಮನ ರೆಕ್ಕೆಯಡಿ ಬಂದು ಮಲಗುವ ದೃಶ್ಯದ ಕೊನೆಗೆ ಅವರು ಹಾಳೆ ಮಡಿಚಿಟ್ಟದ್ದು ಕೇಳಿಸಿತು. ಆಮೇಲೆ, "ನಿನ್ನ ಮಗಳು ಕರೆದ್ರೆ ಬರ್ತಾಳೆ ನೋಡು. ನನ್ನವಳು ಎರಡು ವರ್ಷದಿಂದ ಫೋನೂ ಎತ್ತಲ್ಲ," ಎಂದರು.

ಮೂರು ಸಲ ಹಿಂದಕ್ಕೆ ಹಾಕಿಸಿದೆ. ಕೊನೆಗೆ, ಎತ್ತುತ್ತಾಳೆ ಬಿಡಿ, ಮಾಡ್ತಾ ಇರಿ, ಒಂದಿನ ಎತ್ತುತ್ತಾಳೆ ಎಂದು ಮೆಲ್ಲಗೆ ಹೇಳಿದೆ. ಹೆಡ್‌ಫೋನಿನಲ್ಲಿ ಅವರು ನೀರು ಕುಡಿದದ್ದು ಕೇಳಿಸಿತು, ನಿಧಾನವಾಗಿ ಏನೋ ಗುನುಗಿದ್ದು ಕೇಳಿಸಿತು. ನನ್ನ ಮಾತಿನಿಂದ ಅವರಿಗೆ ಸಮಾಧಾನವಾಯಿತು ಎಂದುಕೊಂಡು ಮನೆಗೆ ಹೋದೆ. ಬೆಳಿಗ್ಗೆ ಗುನುಗಿದವರಿಗೆ ಮಧ್ಯಾಹ್ನದ ಮಾತು ಹೇಗೆ ಸಮಾಧಾನ ಕೊಟ್ಟೀತು? ಚಿಕ್ಕ ಮಗುವಿಗೂ ಹೊಳೆಯುವ ಲೆಕ್ಕ. ನನಗೆ ಹೊಳೆಯಲಿಲ್ಲ, ಹೊಳೆಯುವುದು ಬೇಕಾಗಿಯೂ ಇರಲಿಲ್ಲ.

ಆಮೇಲೆ ಎಂಟು ವರ್ಷ ಏನೂ ಇಲ್ಲ. ಮೂರನೆಯ ಭಾಗ ಬರುತ್ತದಂತೆ ಎಂದು ತಂಗಿಯ ಮೊಮ್ಮಕ್ಕಳು ಹೇಳಿದಾಗ ನಾನು ಮೂಗು ಮುರಿದೆ, ಅತಿಯಾಸೆ ಗತಿಗೇಡು ಎಂದೆ. ಒಳಗೆ ಮಾತ್ರ ಮಕ್ಕಳಿಗಿಂತ ಹೆಚ್ಚು ಕಾದಿದ್ದವನು ನಾನು. ಹನ್ನೆರಡು ವರ್ಷದ ದೊಡ್ಡವಳು ನನ್ನ ಪಕ್ಷ. ಮೊದಲನೆಯದನ್ನು ಮೀರಿಸಿದ್ದು ಇನ್ನೂ ಹುಟ್ಟಿಲ್ಲ ಎನ್ನುತ್ತಾಳೆ, ಸಿನಿಮಾ ಮುಗಿಯುವಾಗ ಮಾಡಿದವರ ಹೆಸರನ್ನೆಲ್ಲ ಎದ್ದು ನಿಂತು ಓದುತ್ತಾಳೆ. ಎಂಟು ವರ್ಷದ ಚಿಕ್ಕವಳಿಗೆ ಯಾವುದು ಹೊಸದೋ ಅದೇ ಒಳ್ಳೆಯದು. ತಂಗಿಗೆ ಎಲ್ಲ ಭಾಗಗಳೂ ಒಂದೇ, ಎಲ್ಲದರಲ್ಲೂ ಅವಳಿಗೆ ಚೆನ್ನಾಗಿ ನಿದ್ದೆ ಬರುತ್ತದೆ.

ಸೌಂಡಿನವನ ಫೋನು ಬಂತು. ಈ ಸಲ ಗಂಡಹೆಂಡತಿ ಗೋಪುರ ಬಿಡಬೇಕೋ ಬೇಡವೋ ಎಂದು ಹಾರುತ್ತಲೇ ಹತ್ತು ನಿಮಿಷ ಜಗಳವಾಡುತ್ತಾರೆ, ಒಬ್ಬರ ಮಾತಿನ ಮೇಲೆ ಒಬ್ಬರ ಮಾತು ಬೀಳುತ್ತದೆ, ಬೇರೆಬೇರೆ ಮಾಡಿದರೆ ಸರಿಹೋಗುವುದಿಲ್ಲ, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಬೇಕು ಎಂದ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಎಂದ. ನಾನು ಸರಿ ಎಂದು ಫೋನಿಟ್ಟೆ. ಆಮೇಲೆ ಕೆಳಗಿಳಿದು ಹೊಲಿಗೆಯವನಿಗೆ ಒಂದು ಅಂಗಿಯ ಅಳತೆ ಕೊಟ್ಟೆ. ಅಂಗಿಯ ಸುದ್ದಿ ತಂಗಿಗೆ ಹೇಗೋ ತಲುಪಿತು. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ, ನಿನಗೆ ಎರಡು ವರ್ಷ ಮುಂಚೆಯೇ ಬಂತೇ ಎಂದು ಕೇಳಿದಳು. ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ. ಹೇಳುವುದಕ್ಕೂ ಏನಿತ್ತು? ಹೆಸರು ಗೊತ್ತು, ಮುಖ ಗೊತ್ತಿಲ್ಲ. ಆದರೂ ಈ ಲೋಕದಲ್ಲಿ ನಾನು ಹೇಳಿದ್ದನ್ನು ನೆನಪಿಟ್ಟುಕೊಂಡು ಮೂರು ವರ್ಷ ಬಿಟ್ಟು ಉತ್ತರ ಕೊಟ್ಟವರು ಅವರೊಬ್ಬರೇ.

ದನಿ ಕೇಳಿ ಎತ್ತರದ ಹೆಂಗಸು ಎಂದುಕೊಂಡಿದ್ದೆ. ನನ್ನ ಭುಜದಷ್ಟೂ ಇರಲಿಲ್ಲ. ಐವತ್ತೈದರ ಆಸುಪಾಸು, ಸಣ್ಣಗೆ ಕತ್ತರಿಸಿದ ನರೆಗೂದಲು, ಮೂಗಿನ ತುದಿಗೆ ಜಾರುವ ಕನ್ನಡಕ. ಬ್ಯಾಗಿನಿಂದ ಸ್ಟೀಲ್ ಫ್ಲಾಸ್ಕು ತೆಗೆದು ಮೈಕಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟು ನನಗೆ ನಮಸ್ಕಾರ ಮಾಡಿದರು. ಅದರಲ್ಲಿ ವಿಶೇಷವೇನೂ ಇರಲಿಲ್ಲ, ಬ್ಯಾಂಕಿನಲ್ಲಿ ಪಕ್ಕದವರಿಗೆ ಮಾಡುವ ಹಾಗಿತ್ತು. ಸಂಕೋಚದ ಸ್ವಭಾವ ಇರಬೇಕು ಎಂದುಕೊಂಡೆ. ನಾನೇ ಶುರುಮಾಡಿದೆ.

"ಅಂತೂ ಯಾರನ್ನೂ ಸಾಯಿಸದೆ ಗೆದ್ದುಬಿಟ್ರಿ," ಎಂದೆ.

ಏನಂದ್ರಿ ಎಂದು ನಕ್ಕರು. ಎರಡನೆಯ ಭಾಗದಲ್ಲಿ ನೀವು ಹೇಳಿದ್ದಿರಲ್ಲ, ಯಾರೂ ಸಾಯದಿದ್ದರೂ ಜನ ನೋಡುತ್ತಾರೆ ಎಂದು, ನಾನು ಒಪ್ಪಿರಲಿಲ್ಲ, ಅದು ಮೊದಲನೆಯದಕ್ಕಿಂತ ಚೆನ್ನಾಗಿ ಓಡಿತು, ಸೋಲೊಪ್ಪಿಕೊಂಡೆ ಎಂದು ವಿವರಿಸಿದೆ. ಅವರ ನಗು ನಿಂತಿತು. ಗಾಜಿನಾಚೆ ಸೌಂಡಿನವನನ್ನು ನೋಡಿದರು. ಅವನು ತಲೆ ತಗ್ಗಿಸಿ ಗುಂಡಿಗಳನ್ನು ತಿರುವುತ್ತಿದ್ದ. ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಎಂಟು ವರ್ಷದಿಂದ ಒಂದು ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು ಕಾದಿದ್ದವನು.

"ಮಗಳು ಆಮೇಲೆ ಫೋನ್ ಎತ್ತಿದ್ಲಾ?"

ಅವರು ಫ್ಲಾಸ್ಕಿನ ಮುಚ್ಚಳ ತೆರೆಯುತ್ತಿದ್ದರು. ಕುಡಿಯದೆ ಮತ್ತೆ ಮುಚ್ಚಿದರು.

"ಇದು ನಿಮಗೆ ಯಾರು ಹೇಳಿದ್ದು?"

"ನೀವೇ," ಎಂದೆ.

ಆಗ ಸೌಂಡಿನವನು ಕೆಂಪು ದೀಪ ಹಾಕಿದ. ಅವನಿಗೆ ಗಾಬರಿಯಾಗಿರಬೇಕು, ಮಾತು ನಿಲ್ಲಿಸಲು ಅವನಿಗೆ ಗೊತ್ತಿದ್ದ ಉಪಾಯ ಅದೊಂದೇ.

ಹತ್ತು ನಿಮಿಷದ ಜಗಳ ಮಾಡಿದೆವು. ಅವರ ಕೆಲಸಕ್ಕೆ ಹೆಸರಿಡುವಂತಿಲ್ಲ. ಆ ಗೂಬೆಯ ಕೋಪವೆಲ್ಲ ಅವರ ಗಂಟಲಲ್ಲಿ ಇಳಿದುಬಂತು. ನಾನು ಹೇಳಿದ್ದನ್ನ ನೀನು ಯಾವತ್ತಾದರೂ ಕೇಳಿಸಿಕೊಂಡಿದ್ದೀಯಾ ಎಂದು ಅಮ್ಮ ಗೂಬೆ ಅರಚಬೇಕು, ಕೇಳಿಸಿಕೊಂಡದ್ದೇ ಹೆಚ್ಚಾಯಿತು ಎಂದು ಅಪ್ಪ ಗೂಬೆ ಅರಚಬೇಕು. ಹಾಳೆಯಲ್ಲಿದ್ದದ್ದನ್ನೇ ಹೇಳಿದೆವು. ಅವರು ಪರದೆ ನೋಡುತ್ತಿದ್ದರು, ನನ್ನ ಕಡೆ ತಿರುಗಲಿಲ್ಲ. ಮೊದಲ ಟೇಕೇ ಸಾಕು ಎಂದ ಸೌಂಡಿನವನು.

ಆಮೇಲೆ ಉಳಿದ ರೀಲನ್ನೂ ಜೊತೆಯಲ್ಲೇ ಮುಗಿಸಿದೆವು. ಅವರು ನನ್ನಿಂದ ಒಂದು ಮೊಳ ದೂರದಲ್ಲಿದ್ದರು. ತಮ್ಮ ಮಾತು ಮುಗಿದ ಕೂಡಲೇ ತುಟಿ ಮುಚ್ಚಿ, ಹಾಳೆ ಸದ್ದಾಗದಂತೆ ಎದೆಗೆ ಒತ್ತಿ ಹಿಡಿದು ನಿಲ್ಲುತ್ತಿದ್ದರು. ಕೆಮ್ಮು ಬಂದರೆ ಮುಖ ತಿರುಗಿಸಿ ನುಂಗಿಕೊಳ್ಳುತ್ತಿದ್ದರು. ಆ ಖಾಲಿ ಜಾಗಗಳು ಬಂದವು, ಹೋದವು, ಒಂದರಲ್ಲೂ ಏನೂ ಇರಲಿಲ್ಲ. ಹನ್ನೊಂದು ವರ್ಷ ನಾನು ಬದುಕಿದ್ದೇ ಅವುಗಳಲ್ಲಿ. ಇಂಗು ತಿಂದ ಮಂಗನ ಹಾಗೆ ಹೊಸ ಅಂಗಿ ಹಾಕಿಕೊಂಡು ನಿಂತಿದ್ದೆ.

ಮುಗಿದ ಮೇಲೆ ಮೆಟ್ಟಿಲಲ್ಲಿ ಅವರೇ ನಿಂತು ಕಾದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ತಪ್ಪು ನಿಮ್ಮದಲ್ಲ, ಮೈಕಿನ ಮುಂದೆ ನಿಂತು ಮಾತಾಡಿದವಳು ನಾನು ಎಂದರು. ಅಷ್ಟು ಹೊತ್ತಿಗೆ ನನಗೂ ಅರ್ಥವಾಗತೊಡಗಿತ್ತು, ಆದರೂ ಕೇಳದೆ ಇರಲಾಗಲಿಲ್ಲ. ರೀಲಿನ ಕೊನೆಯಲ್ಲಿ ನಾನು ಹೇಳುತ್ತಿದ್ದದ್ದು ನಿಮಗೆ ಕೇಳಿಸಲೇ ಇಲ್ಲವೇ ಎಂದೆ. ಅವರು ಇಲ್ಲ ಎಂದು ತಲೆಯಾಡಿಸಿದರು. ಹೆಡ್‌ಫೋನಿನಲ್ಲಿ ಬೇರೆಯವರ ದನಿ ಬಂದರೆ ಅವರಿಗೆ ಗೊಂದಲವಂತೆ. ಮೂಲ ಸಿನಿಮಾದ ದನಿಯೊಂದನ್ನು ಬಿಟ್ಟು ಏನನ್ನೂ ಹಾಕಬೇಡಿ ಎಂದು ಮೊದಲ ದಿನವೇ ಹೇಳಿದ್ದರಂತೆ. ನನ್ನ ದನಿಯನ್ನು ಅವರು ಕೇಳಿದ್ದು ಸಿನಿಮಾಗಳು ತೆರೆಕಂಡ ಮೇಲೆ, ಒಂದೊಂದು ಸಲ. ಎರಡನೆಯದಕ್ಕೆ ಅಪ್ಪ ಗೂಬೆಯ ದನಿಯವನನ್ನು ಬದಲಾಯಿಸಿದ್ದಾರೆ ಎಂದೇ ಅವರು ತಿಳಿದಿದ್ದರು.

"ಮತ್ತೆ ನೀವು ಯಾರ ಹತ್ತಿರ ಮಾತಾಡ್ತಿದ್ರಿ?" ಎಂದೆ.

ಅವರು ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. "ಅವಳ ಹತ್ತಿರ. ಆ ಭಾಷೆಯಲ್ಲಿ ಅಮ್ಮ ಗೂಬೆಗೆ ಮಾತಾಡಿದವಳು. ತನ್ನ ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಅವಳ ಉಸಿರು ಕೇಳಿಸುತ್ತೆ. ನಾನು ಹೇಳೋದನ್ನ ಕೇಳಿಸಿಕೊಳ್ತಿದ್ದಾಳೆ ಅನ್ಸೋದು."

ಅವಳು ಯಾವ ದೇಶದವಳೋ, ಇದ್ದಾಳೋ ಇಲ್ಲವೋ, ಇವರ ಭಾಷೆಯ ಒಂದು ಅಕ್ಷರವೂ ಅವಳಿಗೆ ಬರುವುದಿಲ್ಲ. ಹಾಗೆಂದು ಹೇಳುವ ಯೋಗ್ಯತೆ ನನಗಿರಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಶುರುಮಾಡಲು ಒದೆಯುತ್ತಿದ್ದರು. ಇಬ್ಬರೂ ಅದನ್ನು ಕೇಳುತ್ತ ನಿಂತೆವು.

ಅದೆಲ್ಲ ಇನ್ನೂ ಇಟ್ಟಿದ್ದಾರೆಯೇ ಎಂದು ಕೇಳಿದರು. ಸೌಂಡಿನವನು ಏನನ್ನೂ ಎಸೆಯುವವನಲ್ಲ, ಇರುತ್ತದೆ ಎಂದೆ. ಹಾಗಾದರೆ ಅಳಿಸಲು ಹೇಳುತ್ತೀರಾ, ನನಗೇ ಹೋಗಿ ಹೇಳಲು ನಾಚಿಕೆ ಎಂದರು. ಹೇಳುತ್ತೇನೆ ಎಂದೆ. ಅವರು ಫ್ಲಾಸ್ಕನ್ನು ಬ್ಯಾಗಿಗೆ ಸೇರಿಸಿ ಇಳಿಯತೊಡಗಿದರು. ತಿರುವಿನಲ್ಲಿ ನಿಂತು, ಮೇಲೆ ನೋಡದೆ, "ಎತ್ತಲಿಲ್ಲ," ಎಂದರು. ಆಮೇಲೆ ಹೋದರು.

ನಾನು ತಿರುಗಿ ಮೇಲೆ ಹತ್ತಿದೆ. ಸೌಂಡಿನವನು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ನನ್ನನ್ನು ಕಂಡು, ನನ್ನ ಮೇಲೆ ಗೂಬೆ ಕೂರಿಸಬೇಡಿ ಸರ್, ನಾನು ಯಾರಿಗೂ ಏನೂ ಕೇಳಿಸಿಲ್ಲ ಎಂದ. ಅವನ ಮಟ್ಟಿಗೆ ಅದು ನಿಜವೇ. ಮಾತಿನ ನಡುವಿನ ಹರಟೆ ಅವನಿಗೆ ಫ್ಯಾನಿನ ಸದ್ದಿನಷ್ಟೇ ಮುಖ್ಯ. ಯಾವ ಸಿನಿಮಾ ಚೆನ್ನಾಗಿದೆ ಎಂದು ಕೇಳಿದರೆ ರೀಲು ಕಡಿಮೆಯಿರುವುದು ಎನ್ನುವವನು ಅವನು. ವಿಷಯ ಹೇಳಿದೆ. ಕೈ ಒರೆಸಿಕೊಂಡು ಹುಡುಕಿದ. ಮೊದಲ ಭಾಗದ ಐದು ರೀಲು, ಎರಡನೆಯ ಭಾಗದ ಆರು ರೀಲು, ಎಲ್ಲ ಇದ್ದವು. ಅವುಗಳ ಜೊತೆ ನನ್ನವೂ ಇರುತ್ತವಲ್ಲ, ಎರಡೂ ಒಟ್ಟಿಗೆ ಹೋಗಲಿ ಎಂದೆ.

"ನಿಮ್ಮದು ಎಲ್ಲಿದೆ ಸರ್? ನಿಮ್ಮದು ಕೊನೇ ದನಿ ಅಲ್ವಾ, ಎಲ್ಲಾ ದನಿ ಸೇರಿಸೋ ಮಿಕ್ಸಿಂಗಿಗೆ ನೇರ ಹೋಗ್ಬೇಕು. ಹೆಚ್ಚಿನದನ್ನೆಲ್ಲ ಮಾರನೇ ದಿನ ನಿಮಗೆ ಕೇಳಿಸಿದ ಕೂಡಲೇ ಕತ್ತರಿಸಿಬಿಡ್ತಿದ್ದೆ."

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳು. ಸರಿ ಎಂದೆ. ಅವನು ಗುಂಡಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದ. ಅವನು ಒಳ್ಳೆಯವನೇ. ಒಂದು ಸಲ ಕೇಳಿಬಿಡುತ್ತೀರಾ ಎಂದ. ಹೆಡ್‌ಫೋನು ಮೇಜಿನ ಮೇಲೇ ಇತ್ತು. ಹೂಂ ಎನ್ನಲು ಬಾಯಿ ತೆರೆದೆ. ಆರು ದಿನಗಳ ಆ ದನಿ, ಹಾಳೆ ತಿರುವುವುದು, ನೋಡ್ತಾ ಇರಿ ಎನ್ನುವುದು, ಎಲ್ಲ ಅಲ್ಲಿತ್ತು. ಅದು ನನ್ನದಲ್ಲ, ನನಗೆ ಹೇಳಿದ್ದೂ ಅಲ್ಲ. ಬೇಡ, ಅಳಿಸು ಎಂದೆ. ಪರದೆಯ ಮೇಲೆ ಒಂದು ಪಟ್ಟಿ ಎಡದಿಂದ ಬಲಕ್ಕೆ ತುಂಬಿತು, ಅಷ್ಟಕ್ಕೇ ಮುಗಿಯಿತು. ಅವನು ಊಟಕ್ಕೆ ಕರೆದ. ಹಸಿವಿಲ್ಲ ಎಂದು ಹೊರಟೆ. ಮನೆಯಲ್ಲಿ ಹಾಸಿಗೆಯ ಮೇಲೆ ಕೂತು ಅತ್ತೆ. ಕೆಳಗೆ ಮಿಷನ್ನುಗಳು ಓಡುತ್ತಿದ್ದುದರಿಂದ ಯಾರಿಗೂ ಕೇಳಿಸಲಿಲ್ಲ.

ನಾಲ್ಕು ತಿಂಗಳ ಮೇಲೆ ಮೂರನೆಯ ಭಾಗ ತೆರೆಕಂಡಿತು. ತಂಗಿ, ಮೊಮ್ಮಕ್ಕಳು, ನಾನು ಮಧ್ಯಾಹ್ನದ ಆಟಕ್ಕೆ ಹೋದೆವು. ಜಗಳದ ದೃಶ್ಯದಲ್ಲಿ ಥಿಯೇಟರು ಗಪ್ಪೆಂದು ಕೂತಿತ್ತು. ಒಂದು ಮಗು ಅತ್ತಿತು. ತಂಗಿ ಮಲಗಿದ್ದವಳು ಆ ಸದ್ದಿಗೆ ಎದ್ದು, ಯಾರು ಹೋದರು ಎಂದು ಕೇಳಿ ಮತ್ತೆ ಮಲಗಿದಳು. ಮನೆಗೆ ಬರುವಷ್ಟರಲ್ಲಿ ಎರಡೂ ಪಕ್ಷಗಳು ತಯಾರಾಗಿದ್ದವು. ದೊಡ್ಡವಳು ಸೋಫಾದ ಮೇಲೆ ನಿಂತು, ಮೊದಲನೆಯದರಲ್ಲಿ ಅವಕ್ಕೆ ಹೋಗಲು ಜಾಗವೇ ಇರಲಿಲ್ಲ, ಅದಕ್ಕೇ ನಮಗೆ ಭಯವಾಗುತ್ತಿತ್ತು, ಇದರಲ್ಲಿ ಮನೆಯಿದ್ದೂ ಸುಮ್ಮನೆ ಜಗಳ ಎಂದಳು. ಚಿಕ್ಕವಳು ಬಿಡಲಿಲ್ಲ. ಸುಮ್ಮನೆ ಅಲ್ಲ, ಅವರಿಬ್ಬರಿಗೂ ನಿಜವಾಗಿಯೇ ಬೇಜಾರಾಗಿತ್ತು, ಕೇಳಿದರೆ ಗೊತ್ತಾಗುತ್ತದೆ, ಮೂರನೆಯದೇ ಚೆನ್ನಾಗಿರುವುದು ಎಂದಳು. ನಾನು ಅವಳನ್ನು ನೋಡಿದೆ. ಎಂಟು ವರ್ಷಕ್ಕೆ ಕಿವಿ ಚುರುಕಾಗಿದೆ.

ತಾತನ ವೋಟು ನನಗೇ ಎಂದು ದೊಡ್ಡವಳು ಘೋಷಿಸಿದಳು. ಅದು ಸಹಜ, ಅವಳಿಗೆ ಬುದ್ಧಿ ತಿಳಿದಾಗಿನಿಂದ ನಾನು ಹೇಳಿಕೊಂಡು ಬಂದದ್ದು ಅದನ್ನೇ.

"ಎರಡನೇದು," ಎಂದೆ.

ಇಬ್ಬರೂ ಒಟ್ಟಿಗೆ ತಿರುಗಿದರು. ಎರಡನೆಯದಕ್ಕೆ ಇದುವರೆಗೆ ಆ ಮನೆಯಲ್ಲಿ ಒಂದು ವೋಟೂ ಬಿದ್ದಿರಲಿಲ್ಲ. ಅದರಲ್ಲಿ ಏನಿದೆ, ಗಂಟೆ ಹೊಡೆಯುತ್ತದೆ, ಆಕಳಿಸುತ್ತವೆ, ನೀವೇ ಬೈಯುತ್ತಿದ್ದಿರಿ ಎಂದು ದೊಡ್ಡವಳು ಕೇಳಿದಳು. ಅದರಲ್ಲಿ ಅಮ್ಮ ಗೂಬೆ ಒಳ್ಳೊಳ್ಳೆಯ ಮಾತಾಡುತ್ತಾಳೆ ಎಂದೆ. ಎಲ್ಲಿ ಎಂದಳು. ಮರಿ ಬಂದು ಮಲಗಿದ ಮೇಲೆ ಎಂದುಬಿಟ್ಟೆ, ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಸುಮ್ಮನಾಗುವವಳಲ್ಲ. ಟಿವಿ ಹಾಕಿ ಎರಡನೆಯ ಭಾಗವನ್ನು ಹುಡುಕಿ, ಓಡಿಸಿ ಓಡಿಸಿ ಆ ಜಾಗಕ್ಕೆ ತಂದಳು. ಮೂವರೂ ನೋಡಿದೆವು. ದೊಡ್ಡ ಮರಿ ಬಂದು ರೆಕ್ಕೆಯಡಿ ತೂರಿಕೊಂಡಿತು. ಮಲಗು ಕಂದಾ ಎಂದಳು ಅಮ್ಮ ಗೂಬೆ. ಗಡಿಯಾರದ ಮುಳ್ಳಿನ ಮೇಲೆ ಬೆಳಕು ಬಿತ್ತು. ನಾನು ಕಿವಿಗೊಟ್ಟು ಮುಂದಕ್ಕೆ ಬಾಗಿದ್ದೆ.

"ಇಲ್ಲೇನಾ ತಾತ?"

"ಇಲ್ಲೇ."

"ಇಲ್ಲಿ ಬರೀ ಮ್ಯೂಸಿಕ್ ಇದೆ."

ನನಗೆ ಸರಿಯಾಗಿ ಕೇಳಿಸಿಲ್ಲವೇನೋ ಎಂದುಕೊಂಡು ಚಿಕ್ಕವಳು ಅಕ್ಕನ ಕೈಯಿಂದ ರಿಮೋಟು ಕಿತ್ತುಕೊಂಡಳು. ದನಿ ಜಾಸ್ತಿ ಮಾಡಿ, ಇನ್ನೊಮ್ಮೆ ಹಾಕಿದಳು.